ಹಿಂದಲ ಹಲಗೆ

ಪಾಲಾಕ್ಷ ಮೇಷ್ಟ್ರು ಹಾಸನದ ಕಾಲೇಜಿಗೆ ಭಾಷಣಕ್ಕೆ ಬಂದ ದಿನ ಸಂಘಮಿತ್ರಾ ಒಲ್ಲದ ಮನಸ್ಸಿನಿಂದ ವೇದಿಕೆಯ ಮೇಲೆ, ಅವರ ಎಡಗಡೆಯ ಮೂರನೇ ಕುರ್ಚಿಯಲ್ಲಿ ಕೂತಿದ್ದಳು. ಅಂದಿನ ವಿಷಯ ‘ಪ್ರಳಯ: ಪುರಾಣವಲ್ಲ, ಇತಿಹಾಸ’. ಇಡೀ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುವವಳು ಅವಳೊಬ್ಬಳೇ ಆದ್ದರಿಂದ ಪ್ರಾಂಶುಪಾಲರು ಬಿಡಲಿಲ್ಲ. “ಕಲ್ಲು ಮಣ್ಣಿನ ವಿಷಯ ಅಲ್ವೇನಮ್ಮ, ನೀವು ಇಲ್ಲದಿದ್ರೆ ಹೇಗೆ” ಎಂದು ಅವರೇ ಕೈಹಿಡಿದು ಹತ್ತಿಸಿದಂತೆ ಹತ್ತಿಸಿದ್ದರು.

ಮೇಷ್ಟ್ರು ಅರಕಲಗೂಡಿನವರು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಮನೆತನದ ಅಕ್ಕಿ ಗಿರಣಿಯನ್ನು ಅಳಿಯ ಪರಮೇಶ್‌ಗೆ ವಹಿಸಿ, ತಾವು ಊರೂರು ತಿರುಗಿ ಪ್ರಳಯ ನಡೆದದ್ದು ನಿಜ ಎಂದು ಸಾರುತ್ತಿದ್ದರು. ಚನ್ನರಾಯಪಟ್ಟಣ ಆಯಿತು, ಹೊಳೆನರಸೀಪುರ ಆಯಿತು, ಈಗ ಹಾಸನ. ಹಣೆಯ ಮೇಲೆ ಮೂರೆಳೆ ವಿಭೂತಿ, ಹೆಗಲ ಮೇಲೆ ಕದಲದ ಶಾಲು, ಗಂಟಲು ಮಾತ್ರ ತಂಬಿಗೆಯಿಂದ ಹಾಲು ಸುರಿದಂತೆ. ಆ ಗಂಟಲಲ್ಲಿ ಬಸ್ಸಿನ ವೇಳಾಪಟ್ಟಿ ಓದಿದರೂ ಜನ ಕೈಮುಗಿಯುತ್ತಾರೆ ಎಂದು ಸಂಘಮಿತ್ರಾಗೆ ಅನ್ನಿಸಿತು.

“ಬೈಬಲ್ಲಿನಲ್ಲಿ ಪ್ರಳಯ ಇದೆ. ಕುರಾನಿನಲ್ಲಿ ಇದೆ. ನಮ್ಮಲ್ಲಂತೂ ಇದ್ದೇ ಇದೆ. ಮೂರು ಜನ ಬೇರೆ ಬೇರೆ ನಿಂತು ಒಂದೇ ಮಾತು ಹೇಳಿದರೆ ಕೋರ್ಟು ಕೂಡ ಒಪ್ಪುತ್ತೆ, ಮಕ್ಕಳೇ!”

ಹುಡುಗರು ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ ಶೆಟ್ಟಿಹಳ್ಳಿಯ ಪಾಳು ಚರ್ಚು ಬಂತು, ಸೊಂಟದವರೆಗೆ ನೀರಿನಲ್ಲಿ ನಿಂತದ್ದು. “ನೋಡಿ, ನೀರು ಏರಿದರೆ ದೇವರ ಮನೆಯನ್ನೂ ಬಿಡಲ್ಲ” ಎಂದರು ಮೇಷ್ಟ್ರು. ಅಣೆಕಟ್ಟು ಕಟ್ಟಿದ್ದಕ್ಕೆ ನಿಂತ ನೀರು ಅದು. ಯಾವ ವರ್ಷ ಎಷ್ಟು ಅಡಿ ಏರಿತು, ಯಾರ ಹೊಲ ಹೋಯಿತು ಎಂದು ಕಚೇರಿಯ ಕಡತಗಳೇ ಹೇಳುತ್ತವೆ. ಸಭೆಯಲ್ಲಿ ಕೂತ ಅರ್ಧ ಹುಡುಗರಿಗೆ ಅದು ಗೊತ್ತು. ಗೊತ್ತಿದ್ದೂ ತಟ್ಟಿದರಲ್ಲ ಎಂದು ಅವಳಿಗೆ ಮೇಷ್ಟ್ರಿಗಿಂತ ಅವರ ಮೇಲೆ ಹೆಚ್ಚು ತಾತ್ಸಾರ ಬಂತು.

ಆಮೇಲೆ ಪರದೆಯ ಮೇಲೆ ಒಂದು ಹಲಗೆ ಬಂತು.

ಕಪ್ಪಗೆ, ಒಂದು ಆಳುದ್ದ, ಒಂದೂವರೆ ಗೇಣು ಅಗಲ. ಮೈತುಂಬ ಅರಿಶಿನ ಕುಂಕುಮ, ಎರಡು ತುದಿಗೂ ಸೇವಂತಿಗೆ ಹಾರ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಕಾವೇರಿ ಬತ್ತಿ ಬಂಡೆಗಳು ಎದ್ದಾಗ ಕೊಣನೂರಿನ ಆಚೆ ಹೊಳೆಸಾಲು ಎಂಬ ಊರಿನ ಮರಳಿನಲ್ಲಿ ಸಿಕ್ಕಿದ್ದು ಎಂದರು ಮೇಷ್ಟ್ರು. ಪ್ರಳಯದಲ್ಲಿ ಮನುವನ್ನೂ ಋಷಿಗಳನ್ನೂ ಬಿತ್ತನೆ ಬೀಜಗಳನ್ನೂ ಹೊತ್ತ ದೋಣಿಯ ಹಲಗೆ. ಮೀನಿನ ರೂಪದ ಭಗವಂತ ಅದನ್ನು ಎಳೆದು ತಂದು ಈಶ್ವರನ ಪಾದದಲ್ಲಿ ಬಿಟ್ಟ. ಊರಿನ ಗುಡಿ ಈಶ್ವರನದು. ಕಥೆಯ ಮೀನು ವಿಷ್ಣುವಿನದು. ಇಬ್ಬರಿಗೂ ಮೇಷ್ಟ್ರು ಒಂದೇ ವಾಕ್ಯದಲ್ಲಿ ರಾಜಿ ಮಾಡಿಸಿದ್ದರು. ಹಲಗೆಯ ಒಂದು ಮೂಲೆಯನ್ನು ದೊಡ್ಡದು ಮಾಡಿ ತೋರಿಸಿದರು. ಕೆತ್ತಿದ ಗುರುತೊಂದು ಇತ್ತು: ಗುಂಡನೆಯ ಹೊಟ್ಟೆ, ಹಿಂದೆ ಚಾಚಿದ ಬಾಲ. “ಮೀನಿನ ಲಿಪಿ! ಐದು ಸಾವಿರ ವರ್ಷಕ್ಕೆ ಕಡಿಮೆ ಇಲ್ಲ.”

ಸಂಘಮಿತ್ರಾ ನೆಟ್ಟಗೆ ಕೂತಳು. ಹೊಳೆಸಾಲು ಅವಳ ಊರು. ಅವಳ ಅಪ್ಪ ಚಿಕ್ಕಯ್ಯ, ಅಣ್ಣ ಶಿವರಾಜು ಈಗಲೂ ಅಲ್ಲೇ ಇದ್ದರು. ಗುಡಿಯಲ್ಲಿ ಏನೋ ಹಲಗೆ ಇಟ್ಟಿದ್ದಾರೆ, ಅಪ್ಪ ಸೋಮವಾರ ಸೋಮವಾರ ಹೋಗಿ ಕೂರುತ್ತಾನೆ ಎಂದು ಅಣ್ಣ ಫೋನಿನಲ್ಲಿ ಹೇಳಿದ್ದ. ವಯಸ್ಸಾದ ಮೇಲೆ ಅಪ್ಪನೂ ಜಾರಿದ ಎಂದುಕೊಂಡು ಅವಳು ವಿಚಾರಿಸಲೇ ಇಲ್ಲ.

ಪ್ರಶ್ನೆ ಕೇಳಬಹುದು ಎಂದಾಗ ಅವಳು ಮೈಕು ತಗೊಂಡಳು. “ಸಾರ್, ಹಲಗೆಯ ಎಡತುದಿಯಲ್ಲಿ ಒಂದು ಬೋಲ್ಟು ಕಾಣ್ತಿದೆ. ಆರು ಮೂಲೆಯ ನಟ್ಟು. ಮನು ಕಾಲದಲ್ಲಿ ಸ್ಪ್ಯಾನರ್ ಇತ್ತಾ?”

ಸಭೆ ಗೊಳ್ಳೆಂದಿತು. ಮೇಷ್ಟ್ರು ನಗು ನಿಲ್ಲುವವರೆಗೆ ಕಾದರು. “ವಿಶ್ವಕರ್ಮನಿಗೆ ಸ್ಪ್ಯಾನರ್ ಗೊತ್ತಿರಲಿಲ್ಲ ಅಂತ ನಿಮಗೆ ಯಾರು ಹೇಳಿದರು ತಾಯಿ? ಇಂಗ್ಲಿಷಿನವನು ಹೇಳಿದನಾ?”

ಈ ಸಲ ಚಪ್ಪಾಳೆ ನಗುವಿನ ಎರಡರಷ್ಟು ಬಿತ್ತು. ಇಳಿಯುವಾಗ ಮೇಷ್ಟ್ರು ಅವಳ ಹತ್ತಿರ ಬಂದು, ಬೇಸರವೇ ಇಲ್ಲದೆ ಹೇಳಿದರು: “ಮುಂದಿನ ತಿಂಗಳು ನನ್ನ ಪುಸ್ತಕ ಬಿಡುಗಡೆ. ನೀವು ಬಂದು ಹಲಗೆ ಪರೀಕ್ಷೆ ಮಾಡಿ. ಡಾಕ್ಟರೇಟ್ ಆದವರದು ಎರಡು ಸಾಲು ಇದ್ದರೆ ಬಾಯಿ ಬಡುಕರು ಸುಮ್ಮನಾಗ್ತಾರೆ.” ಬಾಯಿ ಬಡುಕರಲ್ಲಿ ಅವಳೂ ಒಬ್ಬಳು ಎಂದು ಅವರಿಗೆ ಹೊಳೆದಂತೆ ಕಾಣಲಿಲ್ಲ. ಅವಳ ಊರು ಯಾವುದೆಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಲ್ಲಿಗೇ ಬಿಟ್ಟುಬಿಡುತ್ತಿದ್ದಳೋ ಏನೋ. ಆದರೆ ಹತ್ತು ದಿನಕ್ಕೆ ಉತ್ತರಪತ್ರಿಕೆಗಳು ಬಂದವು. ಹೊಳೆ ತಂದು ಹಾಕುವ ಮೆಕ್ಕಲು ಮಣ್ಣಿನ ಬಗ್ಗೆ ಬರೆಯಿರಿ ಎಂದರೆ, ಚನ್ನರಾಯಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬರುವ ನಿಧಿ, ತರಗತಿಗೇ ಚುರುಕಾದ ಹುಡುಗಿ, ಮೂರು ಪುಟ ಬರೆದಿದ್ದಳು: ಕಾವೇರಿ ದಂಡೆಯ ಮಣ್ಣು ಮಹಾಪ್ರಳಯದ್ದು, ಆಧಾರ ಹೊಳೆಸಾಲಿನ ಹಲಗೆ. ಸಂಘಮಿತ್ರಾ ಸೊನ್ನೆ ಹಾಕಿದಳು. ಹುಡುಗಿಯ ಅಪ್ಪ ಪ್ರಾಂಶುಪಾಲರ ಹತ್ತಿರ ಹೋದ.

“ನಮ್ಮ ಕಾಲೇಜಿನ ವೇದಿಕೆಯಲ್ಲೇ ಹೇಳಿದ ಮಾತಲ್ವೇನಮ್ಮ” ಎಂದರು ಪ್ರಾಂಶುಪಾಲರು. “ನೀವೂ ಅಲ್ಲೇ ಕೂತಿದ್ದಿರಿ. ಒಂದು ನಾಲ್ಕು ಅಂಕ ಕೊಟ್ಟುಬಿಡಿ.”

ಕೂತಿದ್ದಳು, ಹೌದು. ಅದೇ ಅವಳನ್ನು ಚುಚ್ಚಿದ್ದು. ಹಲಗೆ ನೋಡಲು ಬರುತ್ತೇನೆಂದು ಮೇಷ್ಟ್ರಿಗೂ ಮನೆಗೂ ತಿಳಿಸಿ, ಆ ಭಾನುವಾರ ಅರಕಲಗೂಡಿನ ಮೇಲೆ ಬಸ್ಸು ಹಿಡಿದು, ಕೊಣನೂರಿನಲ್ಲಿ ಇಳಿದು, ಆಟೋದಲ್ಲಿ ಊರಿಗೆ ಹೋದಳು.

ಗುಡಿಯಲ್ಲಿ ಮೇಷ್ಟ್ರು, ಪರಮೇಶ್, ಗುಡಿ ಸಮಿತಿಯ ನಾಲ್ಕು ಜನ ಕಾದಿದ್ದರು. ಹುಡುಗಿಯಾಗಿದ್ದಾಗ ಅವಳು ಆ ಮೆಟ್ಟಿಲು ಹತ್ತಿದವಳಲ್ಲ. ಈಗ ಮೇಡಂ, ಮೇಡಂ ಎಂದು ದಾರಿ ಬಿಟ್ಟರು. ಸಮಿತಿಯವರಿಗೆ ಅವಳು ಯಾರ ಮಗಳೆಂದು ಗೊತ್ತಿತ್ತು, ಆದರೆ ಮೇಷ್ಟ್ರ ಎದುರಿಗೆ ಯಾರೂ ಅದನ್ನು ಬಾಯಿಬಿಡಲಿಲ್ಲ. ಮಂಟಪದಲ್ಲಿ ಮಣೆಯ ಮೇಲೆ ಹಲಗೆ. ಸಮಿತಿಯ ಅಧ್ಯಕ್ಷ ಮೊದಲು ತಾನು ಬಗ್ಗಿ, ಎರಡು ಕಣ್ಣನ್ನೂ ಒಂದಾದ ಮೇಲೊಂದು ಅದಕ್ಕೆ ಒತ್ತಿಕೊಂಡ. ಆಮೇಲೆ ಅವಳು ಬಗ್ಗಿದಳು, ಕೈಯಲ್ಲಿ ಭೂತಗನ್ನಡಿ. ಮರ ಹೆಬ್ಬಲಸು ಎಂದು ನೋಡಿದ ಕೂಡಲೇ ಗೊತ್ತಾಯಿತು, ಈ ಸೀಮೆಯಲ್ಲಿ ದೋಣಿಗೆ ಅದನ್ನೇ ಹಾಕುತ್ತಿದ್ದದ್ದು. ಸೀಳುಗಳಲ್ಲಿ ಡಾಂಬರು. ಬೋಲ್ಟಿನ ತಿರುಪು ಯಂತ್ರದಲ್ಲಿ ಕೊರೆದದ್ದು. ಹೆಚ್ಚೆಂದರೆ ಎಪ್ಪತ್ತು, ಎಂಬತ್ತು ವರ್ಷ.

ಮೂಲೆಯಲ್ಲಿ, ಕಂಬಕ್ಕೆ ಒರಗಿ, ಅವಳ ಅಪ್ಪ ಕೂತಿದ್ದ. ಭಾನುವಾರವಾದರೂ ಮಗಳು ಬರುತ್ತಾಳೆಂದು ಬಂದಿದ್ದ. ಎಪ್ಪತ್ತಾರರ ಚಿಕ್ಕಯ್ಯ, ಬಿಳಿ ಅಂಗಿ, ಮಡಿಸಿದ ಮಂಡಿ. ಅವನ ಮುಖದಲ್ಲಿ ಭಕ್ತಿ ಇತ್ತೋ ನಿದ್ದೆ ಇತ್ತೋ ಅವಳಿಗೆ ತಿಳಿಯಲಿಲ್ಲ. “ಊರಿಗೆಲ್ಲ ಹಿರಿಯ ಭಕ್ತ ಇವನೇ ನೋಡಿ” ಎಂದು ಮೇಷ್ಟ್ರು ತೋರಿಸಿದರು. “ಒಂದು ಸೋಮವಾರ ತಪ್ಪಿಸಿಲ್ಲ. ಭೇದಭಾವ ಎಲ್ಲಿದೆ ಹೇಳಿ? ಪ್ರಳಯದ ದೋಣಿ ಎಲ್ಲರನ್ನೂ ಒಂದು ಮಾಡಿದೆ.”

ಚಿಕ್ಕಯ್ಯ ಮಗಳ ಕಡೆ ನೋಡಲಿಲ್ಲ. ಮೇಷ್ಟ್ರಿಗೆ ಕೈಮುಗಿದ.

ಮನೆಗೆ ಬಂದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಅವಳು ಹುಟ್ಟಿದ ವರ್ಷ ಹಾಸನಕ್ಕೆ ಹೋಗಿ ಬುದ್ಧನ ದೀಕ್ಷೆ ತಗೊಂಡು ಬಂದವನು ಇವನು. ಓದಿದವರನ್ನು ಕೇಳಿ ಮಗಳಿಗೆ ಆ ಹೆಸರು ಇಟ್ಟವನು, ಇಟ್ಟ ಮೇಲೆ ನಾಲಿಗೆ ಹೊರಳದೆ ಸಂಗವ್ವ ಎಂದೇ ಕರೆದವನು. ನೀರಾವರಿ ಚಾನಲ್ಲಿನ ಕೂಲಿಯಲ್ಲಿ ಅವಳನ್ನು ಓದಿಸಿದವನು.

“ಅಪ್ಪಯ್ಯ, ನಿಂಗೆ ನಾಚಿಕೆ ಆಗಲ್ವಾ? ಅದ್ಯಾವುದೋ ಹಲಗೆಗೆ ಹೋಗಿ ಕೈಮುಗೀತೀಯಲ್ಲ!”

ಚಿಕ್ಕಯ್ಯ ಮೊದಲು ಬಾಗಿಲು ಮುಚ್ಚಿ ಬಂದ. ಆಮೇಲೆ ನಗಲಿಕ್ಕೆ ಶುರುಮಾಡಿದ. ಹೆಗಲು ಕುಣಿಯಿತು, ಕಣ್ಣಲ್ಲಿ ನೀರು ಬಂತು, ಸದ್ದು ಮಾತ್ರ ಬರಲಿಲ್ಲ. ಅಷ್ಟು ನಕ್ಕದ್ದನ್ನು ಅವಳು ಕಂಡಿರಲಿಲ್ಲ.

“ಯಾವ್ದೋ ಅಲಗೆ ಅಲ್ಲ ಕಣವ್ವಾ. ನಮ್ದೇ ಅಲಗೆ ಅದು.”

“ನಮ್ದಾ?”

“ಸೇತ್ವೆ ಆಗಾಕ್ ಮುಂಚೆ ಇಲ್ಲಿ ದೋಣಿ ಇತ್ತು. ಆಚೆ ದಡದಾಗೆ ದೊಡ್ಡೋರ ಗದ್ದೆ. ನಾಟಿಗೆ, ಕುಯ್ಲಿಗೆ ನಾವು ಓಗ್ಬೇಕು. ದೋಣಿ ಒಳೀಕೆ ನಮ್ಮನ್ನ ಅತ್ತುಸ್ತಿರ್ಲಿಲ್ಲ. ಇಂದ್ಗಡೆ ನೀರ್ ಮ್ಯಾಲೆ ಚಾಚ್ದಂಗೆ ಒಂದು ಅಲಗೆ ಬಿಗ್ದಿದ್ರು, ಬೋಲ್ಟು ಆಕಿ. ಅದ್ರ ಮ್ಯಾಲೆ ನಾವು. ಕಾಲು ನೀರ್ನಾಗೆ, ಬುತ್ತಿ ತಲೆ ಮ್ಯಾಲೆ. ಒಳಗೆ ಎತ್ತು, ಕರ, ಬಿತ್ನೆ ಭತ್ತದ ಮೂಟೆ. ಆ ಪಾಲಾಕ್ಸಪ್ಪ ಯೋಳ್ತಾನಲ್ಲ, ಬೀಜ ಒತ್ಕಂಡು ಓಯ್ತು ದೋಣಿ ಅಂತಾವ. ಅದೊಂದು ನಿಜವೇ. ಬೀಜಕ್ಕೆ ಜಾಗ ಇತ್ತು ಅದ್ರಾಗೆ.”

ಸಂಘಮಿತ್ರಾ ಮಣೆ ಎಳೆದು ಅವನೆದುರು ಕೂತಳು.

“ಒಂದ್ಸಲ ಒಳೆ ತುಂಬ್ಕಂಡು ಬಂದ್ಬುಡ್ತು. ನಾವು ಆಚೆ ದಡದಾಗೆ. ಇಂದ್ಲ ಅಲಗೆ ಮ್ಯಾಲೆ ಕುಂತ್ರೆ ದೋಣಿ ಮಗುಚ್ತದೆ ಅಂದ್ಬುಟ್ರು. ಎತ್ತುಗಳ್ನ ದಾಟುಸ್ಕಂಡ್ರು. ನಮ್ಮವ್ವ ಮಾರಮ್ಮ, ನಾನು, ಇನ್ನೊಂದು ಆರ್ ಜನ, ಮೂರ್ ದಿನ ಗದ್ದೆ ಬದೀನ್ ಮ್ಯಾಲೆ. ಅಸೀ ಭತ್ತ ಉಜ್ಜಿ ತಿಂದ್ವಿ.”

“ಮತ್ತೆ ಗುರುತು? ಮೀನಿನ ಗುರುತು?”

ಮತ್ತೆ ಆ ಸದ್ದಿಲ್ಲದ ನಗು. “ಅದು ‘ಚಿ’ ಕಣವ್ವಾ! ನನ್ ಎಸ್ರಿನ ‘ಚಿ’. ಮೂರ್ನೇ ಕ್ಲಾಸು. ಸ್ಕೂಲ್ ಜಗಲಿ ಮ್ಯಾಲೆ ಕುಂತು ಅಷ್ಟು ಕಲ್ತಿದ್ದೆ. ದೋಣಿ ಮ್ಯಾಲೆ ಓಗ್ತಾ ಬತ್ತಾ ಕುಡ್ಲು ತುದೀಲಿ ಕೊರೀತಿದ್ದೆ. ಇನ್ನೇನ್ ಮುಗೀತು ಅನ್ನೋವಾಗ ನಮ್ಮಪ್ಪ ತಲೆ ಮ್ಯಾಲೆ ಮೊಟುಕ್ದ. ಕುಡ್ಲು ಜಾರ್ತು. ಅದೇ ಅವ್ರ ಮೀನಿನ ಬಾಲ!”

ಹಲಗೆ ಸಿಕ್ಕಾಗ ಊರಿನವರು ಹಳಬರನ್ನೆಲ್ಲ ಕೇಳಿದ್ದರಂತೆ, ಇದೇನು ಗೊತ್ತಾ ಎಂದು. ಮೇಲುಕೇರಿಯ ಎರಡು ಮೂರು ಮುದುಕರು ಬಂದು ನೋಡಿ ತಲೆಯಾಡಿಸಿದರು, ಗೊತ್ತಿಲ್ಲ. ಚಿಕ್ಕಯ್ಯನನ್ನೂ ಕರೆದರು. ಅವನಿಗೆ ಕಂಡ ಕೂಡಲೇ ಗೊತ್ತಾಯಿತು. ‘ನಂಗೇನ್ ತಿಳೀತದೆ ಸಾಮಿ, ದೊಡ್ಡೋರು ನೀವು ಯೋಳಿದಂಗೆ’ ಎಂದು ಕೈಕಟ್ಟಿ ನಿಂತ.

“ಅವರಿಗೆ ಹೇಗೆ ಗೊತ್ತಾಗಲಿಲ್ಲ? ಅದೇ ದೋಣೀಲಿ ಅವರೂ ಓಡಾಡಿದೋರಲ್ವಾ?”

“ಒಳಗೆ ಕುಂತೋರು ಮುಂದ್ಕೆ ನೋಡ್ತಿದ್ರು ಕಣವ್ವಾ. ಇಂದ್ಲ ಅಲಗೆ ಯಾರ್ ನೋಡೋರು?”

ಅವಳಿಗೆ ಮೈ ಉರಿದುಹೋಯಿತು. ನಾಳೆಯೇ ಬರೆಯುತ್ತೇನೆ, ಇವರ ಇತಿಹಾಸವನ್ನು ಇವರ ಮುಖಕ್ಕೇ ಎಸೆಯುತ್ತೇನೆ ಎಂದಳು. ಚಿಕ್ಕಯ್ಯನ ನಗು ಅಲ್ಲಿಗೆ ನಿಂತಿತು.

“ಬ್ಯಾಡ. ಯಾರ್ಗೂ ಯೋಳ್ಬ್ಯಾಡ.”

“ಯಾಕೆ?”

“ನಾನ್ ಯಾಕೆ ಸೋಮವಾರ ಓಯ್ತೀನಿ ಅಂದ್ಕಂಡೆ? ಬರ್ತಾರೆ, ದೊಡ್ಡ ದೊಡ್ಡೋರು. ಕಾರ್ನಾಗೆ ಬರ್ತಾರೆ. ನಮ್ಮವ್ವ ಕುಂತ ಜಾಗಕ್ಕೆ ಅಣೆ ಮುಟ್ಟುಸ್ತಾರೆ, ಕಣ್ಣಿಗೊತ್ಕಂತಾರೆ, ತೊಳ್ದ ನೀರ್ನ ತೀರ್ಥ ಅಂತ ಕುಡೀತಾರೆ. ನಾನ್ ಅಲ್ಲಿ ಕುಂತು ನೋಡ್ತೀನಿ. ನಂಗ್ ಅಷ್ಟು ಸಾಕು. ನೀನ್ ಯೋಳ್ಬುಟ್ರೆ ಮುಗ್ದೋಯ್ತದೆ.”

“ಅದು ಸುಳ್ಳು, ಅಪ್ಪಯ್ಯ. ಮಕ್ಕಳು ಪರೀಕ್ಷೆಯಲ್ಲಿ ಬರೀತಿದಾರೆ.”

“ಬರ್ಕಳ್ಳಿ. ನಂದ್ ಅಲ್ವಲ್ಲ ಆ ಸುಳ್ಳು.”

ಸಂಘಮಿತ್ರಾ ಏನೂ ಮಾತು ಕೊಡದೆ ಎದ್ದು ಬಂದಳು. ಬಸ್ಸಿನಲ್ಲಿ ಅಪ್ಪನ ಬಗ್ಗೆಯೂ ಅವಳಿಗೆ ಒಂದು ಬಗೆಯ ಕೀಳುಭಾವ ಬಂದಿತ್ತು. ಕಂಬಕ್ಕೆ ಒರಗಿ ಒಳಗೊಳಗೇ ನಗುವುದಂತೆ. ಗೆದ್ದದ್ದು ಗೆದ್ದವನಿಗೊಬ್ಬನಿಗೇ ಗೊತ್ತಿದ್ದರೆ ಅದೇನು ಗೆಲುವು?

ಪುಸ್ತಕ ಬಿಡುಗಡೆ ಅರಕಲಗೂಡಿನ ಒಂದು ಕಲ್ಯಾಣ ಮಂಟಪದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಹಲಗೆಯನ್ನು ಟೆಂಪೋದಲ್ಲಿ ಮೆರವಣಿಗೆ ಮಾಡಿ ತಂದು ವೇದಿಕೆಯ ಮೇಲೆ ನಿಲ್ಲಿಸಿದ್ದರು. ಪಕ್ಕದಲ್ಲಿ ಮೇಷ್ಟ್ರ ಪುಸ್ತಕದ ಗುಡ್ಡೆ, ಮುಖಪುಟದ ಮೇಲೆ ದಪ್ಪಕ್ಷರದಲ್ಲಿ ‘ಪುರಾಣವಲ್ಲ’. ಪರಮೇಶ್ ಫೋನು ಹಿಡಿದು ಎಲ್ಲವನ್ನೂ ನೇರ ತೋರಿಸುತ್ತಿದ್ದ. ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಬಂದ ಜನ ಸಾಲಾಗಿ ಹಲಗೆಗೆ ನಮಸ್ಕರಿಸಿ ಕೂರುತ್ತಿದ್ದರು. ಸಂಘಮಿತ್ರಾ ನೋಡುತ್ತ ನಿಂತಳು. ಅಪ್ಪ ಹೇಳಿದ ಸುಖ ಏನೆಂದು ಒಂದು ನಿಮಿಷ ಅವಳಿಗೂ ಅರ್ಥವಾಯಿತು. ಆದರೂ ಹೆಸರು ಕರೆದಾಗ ಹೋದಳು.

“ಮರ ಹೆಬ್ಬಲಸು. ಬೋಲ್ಟು ಕಾರ್ಖಾನೆಯದು. ವಯಸ್ಸು ನೂರು ವರ್ಷಕ್ಕಿಂತ ಬಹಳ ಕಡಿಮೆ” ಎಂದಳು. ಮುಂದಿನ ಸಾಲಿನವರು ನಕ್ಕರು, ಈ ಮೇಡಂ ಹೀಗೇ ಎನ್ನುವಂತೆ. ಮೇಷ್ಟ್ರೂ ನಕ್ಕರು. ಹೊಳೆ ಇದ್ದಲ್ಲೆಲ್ಲ ಜನ ಇರುತ್ತಾರೆ, ಜನ ಇದ್ದಲ್ಲಿ ಹೊಳೆ ಉಕ್ಕುತ್ತದೆ, ಉಕ್ಕಿದ ಹೊಳೆಯ ಕಥೆ ಎಲ್ಲ ಕಡೆಯೂ ಹುಟ್ಟುತ್ತದೆ, ಅದಕ್ಕೆ ಭೂಮಿಯನ್ನೆಲ್ಲ ಮುಳುಗಿಸಬೇಕಾಗಿಲ್ಲ ಎಂದಳು. ಅದಕ್ಕೂ ನಕ್ಕರು. ಒಬ್ಬ ಆಕಳಿಸಿದ.

“ಈ ಹಲಗೆ ಹೊಳೆಸಾಲಿನಲ್ಲಿ ಹೊಳೆ ದಾಟಿಸುತ್ತಿದ್ದ ದೋಣಿಯದು. ದೋಣಿಯ ಒಳಗಿನದಲ್ಲ. ಒಳಗೆ ಸೇರಿಸದವರನ್ನು ಕೂರಿಸಲಿಕ್ಕೆ ಹಿಂದೆ ಬಿಗಿದದ್ದು. ನಮ್ಮ ಅಜ್ಜಿ ಮಾರಮ್ಮ ಇದರ ಮೇಲೆ ಕೂತು ನಿಮ್ಮ ಗದ್ದೆಗೆ ನಾಟಿಗೆ ಹೋಗ್ತಿದ್ದಳು. ಇದು ಮೀನಲ್ಲ, ‘ಚಿ’. ನಮ್ಮಪ್ಪ ಚಿಕ್ಕಯ್ಯ ಮೂರನೇ ಕ್ಲಾಸಿನಲ್ಲಿ ಕುಡುಗೋಲಿನಿಂದ ಕೊರೆದದ್ದು.”

ಪರಮೇಶ್ ಫೋನನ್ನು ಜೇಬಿಗಿಟ್ಟ. ಸಮಿತಿಯ ಅಧ್ಯಕ್ಷ ಟವೆಲ್ಲಿನ ತುದಿಯಿಂದ ಕಣ್ಣು ಒರೆಸಿಕೊಂಡ, ಒಂದಾದ ಮೇಲೊಂದು, ತಾನು ಒರೆಸಿಕೊಳ್ಳುತ್ತಿದ್ದೇನೆ ಎಂಬುದು ತನಗೇ ತಿಳಿಯದವನಂತೆ. ಎರಡನೇ ಸಾಲಿನ ಹೆಂಗಸೊಬ್ಬಳು ಎದ್ದು ಕೈ ತೊಳೆಯುವ ಕಡೆ ಹೋದಳು. ಆಮೇಲೆ ಇನ್ನೊಬ್ಬಳು.

ಪಾಲಾಕ್ಷ ಮೇಷ್ಟ್ರು ಮೈಕಿಗೆ ಬಂದರು. ಅವರ ಗಂಟಲು ಅಷ್ಟೇ ನಯವಾಗಿತ್ತು, ಮಾತು ಮಾತ್ರ ಅವಸರದಲ್ಲಿತ್ತು.

“ಮೇಡಂ ಒಳ್ಳೆಯ ವಿಷಯ ಹೇಳಿದರು. ನಾವು ಒಂದನ್ನು ಮರೀಬಾರದು. ಪುರಾಣವನ್ನು ಅಕ್ಷರಕ್ಕೆ ಅಕ್ಷರ ಹಿಡೀಬಾರದು. ಪ್ರಳಯ ಅಂದರೆ ಏನು? ಅಜ್ಞಾನ. ದೋಣಿ ಅಂದರೆ? ಜ್ಞಾನ. ಮೀನು ಅಂದರೆ ಗುರು. ಇದೆಲ್ಲ ಸಂಕೇತ. ಹಿರಿಯರು ಕಥೆಯ ರೂಪದಲ್ಲಿ ಹೇಳಿದರು. ಅದನ್ನು ಮರದಲ್ಲಿ, ಮೊಳೆಯಲ್ಲಿ ಹುಡುಕೋದು ದಡ್ಡತನ.”

ಸಂಘಮಿತ್ರಾ ತನ್ನ ಜಾಗದಿಂದಲೇ ಗಟ್ಟಿಯಾಗಿ ಕೇಳಿದಳು: “ಸಾರ್, ಬೋಲ್ಟು ತೋರಿಸಿದಾಗ ಇತಿಹಾಸ ಆಗಿತ್ತು. ನಮ್ಮಜ್ಜಿ ಕೂತಿದ್ದಳು ಅಂದ ಕೂಡಲೇ ಸಂಕೇತ ಆಗೋಯ್ತಾ?”

“ಸಮಯದ ಅಭಾವ ಇದೆ” ಎಂದರು ಮೇಷ್ಟ್ರು. ವಂದನಾರ್ಪಣೆ ಆಯಿತು. ಪುಸ್ತಕದ ಗುಡ್ಡೆಯ ಮೇಲೆ ಯಾರೋ ಶಾಲು ಹೊದಿಸಿದರು.

ಅವಳು ಮೆಟ್ಟಿಲಿಳಿದಾಗ ಎದೆ ಹಗುರವಾಗಿತ್ತು. ಐದು ಸಾವಿರ ವರ್ಷದ ನಂಬಿಕೆ ಐದು ನಿಮಿಷ ನಿಲ್ಲಲಿಲ್ಲವಲ್ಲ ಎಂದು ಬಸ್ ನಿಲ್ದಾಣದಲ್ಲಿ ಒಬ್ಬಳೇ ನಕ್ಕಳು. ಮರದ ವಯಸ್ಸು, ಕಬ್ಬಿಣದ ವಯಸ್ಸು, ಮಣ್ಣಿನ ಪಾಠ, ಯಾವುದೂ ಅವರನ್ನು ಅಲುಗಿಸಲಿಲ್ಲ. ಇಂಥವರ ಜೊತೆ ಇಷ್ಟು ದಿನ ವಾದ ಮಾಡಬೇಕೆಂದು ಕನಸು ಕಂಡೆನಲ್ಲ ಎಂದು ತನ್ನ ಬಗ್ಗೆಯೂ ಅವಳಿಗೆ ನಗು ಬಂತು.

ಎರಡು ವಾರ ಕಳೆದ ಮೇಲೆ ಶಿವರಾಜು ಫೋನು ಮಾಡಿದ. ಗುಡಿಯನ್ನು ಮೂರು ದಿನ ತೊಳೆದರಂತೆ. ಕೇಳಿದರೆ ಹಬ್ಬಕ್ಕೆ ಮುಂಚಿನ ಸ್ವಚ್ಛತೆ ಎಂದರಂತೆ. ಹಬ್ಬ ಇನ್ನೂ ಎರಡು ತಿಂಗಳಿತ್ತು. ಹಲಗೆಯನ್ನು ಟೆಂಪೋದವನು ಹೊಳೆಯ ಮೆಟ್ಟಿಲ ಹತ್ತಿರ ಬಿಸಾಕಿ ಹೋಗಿದ್ದ. ಸೋಮವಾರ ಅಪ್ಪ ಎಂದಿನಂತೆ ಹೋದ. ಅವನನ್ನು ಯಾರೂ ಏನೂ ಅನ್ನಲಿಲ್ಲ. ಅವನು ಹೋಗುವ ಹೊತ್ತಿಗೆ ಸರಿಯಾಗಿ ಮಂಟಪದ ಗ್ರಿಲ್ಲಿಗೆ ಬೀಗ ಇತ್ತು, ಅಷ್ಟೆ. ಮುಂದಿನ ಸೋಮವಾರವೂ ಇತ್ತು. “ಅಪ್ಪ ಯಾರ ಕೂಟೂ ಮಾತಾಡ್ತಿಲ್ಲ ಕಣಮ್ಮಿ, ನೀನೇ ಬಾ” ಎಂದ ಶಿವರಾಜು.

ಅವಳು ಹೋದಾಗ ಚಿಕ್ಕಯ್ಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ. ಮುಖ ಎತ್ತಲಿಲ್ಲ. ಅವಳೂ ಪಕ್ಕದಲ್ಲಿ ಕೂತು ಸುಲಿಯತೊಡಗಿದಳು. ಅರ್ಧ ಮೊರ ಕಾಳಾಯಿತು.

“ನಿಜ ಹೇಳಿದೆ, ಅಪ್ಪಯ್ಯ. ಅದರಲ್ಲಿ ತಪ್ಪೇನು?”

“ನಿಜ ಯೋಳ್ದೆ. ಯಾರ್ ನಿಜ ಅದು?”

ಅವಳು ಇನ್ನೊಂದು ಕಾಯಿ ಕೈಗೆ ತಗೊಂಡಳು.

“ಅರವತ್ತೈದು ವರ್ಸ ಒಟ್ಟೇಲಿಟ್ಕಂಡಿದ್ದೆ. ನಿಮ್ಮವ್ವ ಮಲ್ಲಿಗಮ್ಮನಿಗೂ ಯೋಳಿರ್ಲಿಲ್ಲ, ನಿಮ್ಮಣ್ಣಂಗೂ ಯೋಳಿಲ್ಲ. ನಿಂಗ್ ಯೋಳ್ದೆ. ನೀನು ಮೈಕ್‌ನಾಗೆ ಯೋಳ್ದೆ. ಅವ್ರು ನನ್ ಅಲಗೇನ ದೇವ್ರು ಮಾಡ್ಕಂಡ್ರು, ನನ್ ಕೇಳ್ದೆ. ನೀನು ಅದ್ನ ಪಾಠ ಮಾಡ್ಕಂಡೆ, ನೀನೂ ನನ್ ಕೇಳ್ಲಿಲ್ಲ.”

“ಕೇಳಿದ್ದರೆ ಬೇಡ ಅಂತಿದ್ದೆ.”

“ಊಂ. ಬ್ಯಾಡ ಅಂದಿದ್ನಲ್ಲ.”

ಇಷ್ಟು ಜನರನ್ನು ಕೀಳಾಗಿ ಕಂಡ ಅವಳಿಗೆ, ಒಬ್ಬರೆದುರು ತಾನು ಹೀಗೆ ಕುಗ್ಗಿ ಕೂತದ್ದು ಹೊಸದು. ಹಲಗೆಯನ್ನು ಹಾಸನಕ್ಕೆ ಒಯ್ಯುತ್ತೇನೆ, ಕಾಲೇಜಿನ ಕಲ್ಲುಗಳ ಕೋಣೆಯಲ್ಲಿ ಇಡುತ್ತೇನೆ, ಕೆಳಗೆ ನಿನ್ನ ಹೆಸರು ಬರೆಸುತ್ತೇನೆ ಎಂದಳು.

“ಗಾಜ್ನಾಗಿಟ್ಟು ನೋಡಾಕೆ ಅದೇನ್ ಸತ್ತ ಉಲಿಯಾ?” ಎಂದ ಚಿಕ್ಕಯ್ಯ. ಅಷ್ಟು ಹೇಳಿ ಕಾಳಿನ ಮೊರ ತಗೊಂಡು ಒಳಗೆ ಹೋದ.

ಹಲಗೆಯನ್ನು ಕೊನೆಗೆ ಶಿವರಾಜು ಹೊಳೆಯಿಂದ ಹೊತ್ತು ತಂದ. ಮನೆ ಮುಂದಿನ ಚರಂಡಿ ದಾಟಿಸಿ ಬೈಕು ಹತ್ತಿಸಲು ಬಹಳ ದಿನದಿಂದ ಒಂದು ಗಟ್ಟಿ ಮರ ಬೇಕಾಗಿತ್ತು, ಅದಕ್ಕೆ ಅಡ್ಡ ಹಾಕಿದ. ಯಾರೂ ಬೇಡ ಎನ್ನಲಿಲ್ಲ. ಅದರ ಮೇಲೆ ಈಗ ಹಾಲಿನವನು ದಾಟುತ್ತಾನೆ, ಕರೆಂಟ್ ಬಿಲ್ಲಿನವನು ದಾಟುತ್ತಾನೆ, ಮಳೆ ಬಂದರೆ ಕೋಳಿಗಳು ಕೆಳಗೆ ಸೇರಿಕೊಳ್ಳುತ್ತವೆ.

ನಿಧಿ ಮರುಪರೀಕ್ಷೆ ಬರೆದು ಒಳ್ಳೆಯ ಅಂಕ ತಗೊಂಡಳು. ಅವಳು ನಿಜವಾಗಿ ಯಾವುದನ್ನು ನಂಬಿದ್ದಾಳೆ ಎಂದು ಸಂಘಮಿತ್ರಾ ಕೇಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಹೊಳೆನರಸೀಪುರದಲ್ಲಿ ಒಂದು ಕಾರ್ಯಕ್ರಮದ ಕರಪತ್ರ ಅವಳ ಕೈಗೆ ಬಂತು. ‘ಪ್ರಳಯ: ಒಂದು ಸಂಕೇತ. ಉಪನ್ಯಾಸ: ಪಾಲಾಕ್ಷ.’ ಅದೇ ಭಾವಚಿತ್ರ, ಅದೇ ಶಾಲು. ಪುಸ್ತಕಕ್ಕೂ ಹೊಸ ರಟ್ಟು ಹಾಕಿದ್ದರಂತೆ, ಒಳಗಿನ ಪುಟ ಹಾಗೇ ಇದ್ದವಂತೆ. ಅವಳು ಅದನ್ನು ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದಳು.

“ಯಾವತ್ತು ಅಂದೆ?” ಎಂದ ಚಿಕ್ಕಯ್ಯ.

“ಬೇಸ್ತವಾರ. ಯಾಕೆ, ಬತ್ತೀಯಾ?”

“ಬಸ್ಸು ಎಷ್ಟೊತ್ತಿಗೆ ನೋಡು.”

ಬೇಸ್ತವಾರ ಮಧ್ಯಾಹ್ನ ಇಬ್ಬರೂ ಹೊಳೆನರಸೀಪುರದಲ್ಲಿ ಸೇರಿದರು. ಚಿಕ್ಕಯ್ಯ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದ. ಹಿಂದೆ ಕೂರೋಣ ಎಂದು ಅವಳು ಅಂದರೆ ಕೇಳದೆ ಎರಡನೇ ಸಾಲಿಗೆ ಹೋಗಿ, ನಡುವಿನ ಕುರ್ಚಿ ನೋಡಿ ಕೂತ. ಪ್ರಶ್ನೆ ಕೇಳಲು ಅವಳು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದಳು.

ಮೇಷ್ಟ್ರು ಶುರುಮಾಡಿದರು. ಅಜ್ಞಾನ, ಜ್ಞಾನ, ಗುರು. ಗಂಟಲಿಗೆ ಏನೂ ಆಗಿರಲಿಲ್ಲ. ಜನ ತಲೆದೂಗುತ್ತಿದ್ದರು. ಅರ್ಧ ಗಂಟೆಯಾದ ಮೇಲೆ ಕೈಯನ್ನು ಅಗಲಕ್ಕೆ ಚಾಚಿ ಹೇಳಿದರು: “ಆ ದೋಣಿಯಲ್ಲಿ ಎಲ್ಲರಿಗೂ ಜಾಗ ಇತ್ತು, ಬಂಧುಗಳೇ!”

ಚಿಕ್ಕಯ್ಯ ನಕ್ಕ. ಈ ಸಲ ಸದ್ದು ಬಂತು. ಬಾಯಿ ತೆರೆದು, ತೊಡೆ ತಟ್ಟಿ, ಸಭೆಯ ಕೊನೆಯವರೆಗೆ ಕೇಳುವಂತೆ ನಕ್ಕ. ಜನ ತಿರುಗಿ ನೋಡಿದರು. ಮೇಷ್ಟ್ರೂ ನೋಡಿದರು, ನೋಡಿ, ಯಾರೆಂದು ಗುರುತು ಹಿಡಿದರು. ನೀರಿನ ಲೋಟಕ್ಕೆ ಕೈ ಹಾಕಿ ಒಂದು ಗುಟುಕು ಕುಡಿದು, ಮುಂದಿನ ವಾಕ್ಯ ಮರೆತು, ಮತ್ತೊಂದು ಗುಟುಕು ಕುಡಿದರು.

ನಗು ಕೆಮ್ಮಾಯಿತು. ಸಂಘಮಿತ್ರಾ ಹಾಳೆಯನ್ನು ಬ್ಯಾಗಿಗೆ ಸೇರಿಸಿ ಅಪ್ಪನ ಬೆನ್ನು ನೀವಿದಳು.

“ಸಾಕಾ ಅಪ್ಪಯ್ಯ, ಓಗಣಾ?”

“ಇರವ್ವಾ” ಎಂದ ಚಿಕ್ಕಯ್ಯ, ಕಣ್ಣೊರೆಸಿಕೊಳ್ಳುತ್ತ. “ಇನ್ನೂ ಐತೇನೋ ಕೇಳಣ.”